ಗಾಡಿ ನಮ್ಮದು, ಕೀಲಿಕೈ ಕಂಪನಿಯದು!

ಕಳೆದ ಮಳೆಗಾಲದ ಮಾತು. ಜೋಯಿಡಾ ಕಡೆಯಿಂದ ದಾಂಡೇಲಿಗೆ ಕಾಯಿಪಲ್ಲೆ, ಬಾಳೆಗೊನೆ ಹೇರಿಕೊಂಡು ಬರುತ್ತಿದ್ದ ಪಿಕಪ್ ಗಾಡಿಯೊಂದು ಸುರಿಯುವ ಮಳೆಯಲ್ಲಿ, ಕಾಡಿನ ನಡುದಾರಿಯಲ್ಲಿ ನಿಂತುಬಿಟ್ಟಿತು. ಗಾಡಿಯ ಮಾಲೀಕನೆಂದರೆ ದೊಡ್ಡ ಧಣಿಯಲ್ಲ. ಕಾಗದದ ಗಿರಣಿಯಲ್ಲಿ ಮೂವತ್ತು ವರುಷ ದುಡಿದು ನಿವೃತ್ತನಾದ ಕೂಲಿಕಾರನ ಮಗ. ಅಪ್ಪನ ಗ್ರಾಚ್ಯುಯಿಟಿಯ ಹಣದಲ್ಲಿ ಮುಂಗಡ ಕಟ್ಟಿ, ಉಳಿದುದಕ್ಕೆ ಬ್ಯಾಂಕಿನ ಸಾಲ ಮಾಡಿ ಕೊಂಡ ಗಾಡಿ ಅದು. ಒಂದು ಕಾಲಕ್ಕೆ ನಾನು ಕಲಿಸಿದ ಹುಡುಗ. ಕತ್ತಲಾಗುವ ಹೊತ್ತಿಗೆ ಫೋನು ಮಾಡಿದ: "ಮಾಸ್ತರ್ರ, ಗಾಡಿ ಕೆಟ್ಟು ನಿಂತೈತ್ರಿ. ಮಾಲು ಕೊಳಿಯೂದರಾಗ ಬ್ಯಾರೆ ಗಾಡಿ ಯಾವುದರ ಹಚ್ಚಿ ಕೊಡ್ರಿ."

ಮಾಲನ್ನು ಬೇರೆ ಗಾಡಿಗೆ ಹೇರಿದೆವು. ಕೆಟ್ಟ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದೆವು. ದಾಂಡೇಲಿಯ ಗ್ಯಾರೇಜಿನ ಮಿಸ್ತ್ರಿ ಇಪ್ಪತ್ತು ವರುಷದ ಅನುಭವಿ. ಬ್ಯಾಟರಿ ನೋಡಿದ, ಫ್ಯೂಜು ನೋಡಿದ, ರಿಲೇ ನೋಡಿದ, ಅರ್ಥಿಂಗಿನ ತಂತಿಗಳನ್ನು ಒಂದೊಂದಾಗಿ ಬಿಚ್ಚಿ ತಿಕ್ಕಿ ಕಟ್ಟಿದ. ಕಡೆಗೆ ಇಂಜಿನನ್ನು ಆಳುವ ಪೆಟ್ಟಿಗೆಯನ್ನು, ಎಂದರೆ ಇ.ಸಿ.ಎಂ. ಎಂದು ಕರೆಯುವ ಇಂಜಿನ್ ಕಂಟ್ರೋಲ್ ಮಾಡ್ಯೂಲನ್ನು, ಬಿಚ್ಚಿ ನೋಡಿದರೆ ಕನೆಕ್ಟರಿನೊಳಗೆ ನೀರು ಹೊಕ್ಕು ಪಿನ್ನುಗಳು ಹಸಿರುಗಟ್ಟಿದ್ದವು. ಒಳಗಿನ ಹಲಗೆ ಸುಟ್ಟಿತ್ತು. ಹೊಸ ಪೆಟ್ಟಿಗೆ ತರಿಸಿದರು. ಅದೇ ಕಂಪನಿಯದು, ಅದೇ ನಂಬರಿನದು, ರಸೀದಿ ಸಹಿತ. ನಾಲ್ಕು ಬೋಲ್ಟು, ಎರಡು ಕನೆಕ್ಟರು. ಅರ್ಧ ಗಂಟೆಯಲ್ಲಿ ಜೋಡಿಸಿ ಮುಗಿಯಿತು. ಕೀಲಿಕೈ ತಿರುವಿದರೆ ಸ್ಟಾರ್ಟರು ಗರಗರ ತಿರುಗಿತು. ಇಂಜಿನು ಮಾತ್ರ ಹತ್ತಲಿಲ್ಲ. ಮುಂದಿನ ಫಲಕದಲ್ಲಿ ಕೀಲಿಯ ಚಿತ್ರದ ಒಂದು ಸಣ್ಣ ಕೆಂಪು ದೀಪ ಮಿಣಮಿಣ ಮಿನುಗತೊಡಗಿತು.

ಹೊಸ ಪೆಟ್ಟಿಗೆಗೆ ಈ ಗಾಡಿಯ ಗುರುತಿಲ್ಲ. ಗುರುತು ಮಾಡಿಸಬೇಕಾದರೆ ಕಂಪನಿಯ ಗಣಕಯಂತ್ರ ಬೇಕು, ಕಂಪನಿಯ ಪಾಸ್‌ವರ್ಡು ಬೇಕು, ಕಂಪನಿಯ ಒಪ್ಪಿಗೆ ಬೇಕು. ದೂರದ ನಗರದ ಸರ್ವಿಸ್ ಕೇಂದ್ರಕ್ಕೆ ಕೇಳಿದರೆ ಬಂದ ಉತ್ತರ ಇದು: ಗಾಡಿಯನ್ನೇ ಇಲ್ಲಿಗೆ ಎಳೆದು ತನ್ನಿ, ಹೊರಗೆ ಕೊಂಡ ಪೆಟ್ಟಿಗೆಗೆ ನಾವು ಕೈ ಹಚ್ಚುವುದಿಲ್ಲ, ಪಾಸ್‌ವರ್ಡು ಇರುವ ಮನುಷ್ಯ ರಜೆಯ ಮೇಲಿದ್ದಾನೆ. ಹೀಗೆ 11 ದಿನ ಕಳೆದವು. ಕೊನೆಗೂ ಕೆಲಸ ಕೈಗೆತ್ತಿಕೊಂಡಾಗ ಅದು ಮುಗಿಯಲು ಒಂದು ಗಂಟೆಯೂ ಹಿಡಿಯಲಿಲ್ಲ. ದುರಸ್ತಿಗೆ ಒಂದು ಗಂಟೆ, ಅಪ್ಪಣೆಗೆ 11 ದಿನ! ಆ 11 ದಿನ ಬಾಡಿಗೆ ಇಲ್ಲ. ಬ್ಯಾಂಕಿನ ಕಂತು ಮಾತ್ರ ತಪ್ಪದೆ ಬಂತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಮ್ಮ ಹಿರಿಯರು ಈ ಸರ್ವಿಸ್ ಕೇಂದ್ರಗಳನ್ನು ಕಾಣದೆಯೇ ಕಟ್ಟಿದರಲ್ಲ!

ಬಂಧುಗಳೇ, ಇದು ಒಬ್ಬ ಹುಡುಗನ ದುರ್ದೈವವೆಂದು ಮರುಗಿ ಬಿಟ್ಟುಬಿಡುವ ಮಾತಲ್ಲ. ಹಳಿಯಾಳದ ಹತ್ತಿ, ಮುಂಡಗೋಡದ ಗೋವಿನಜೋಳ, ಜೋಯಿಡಾದ ಗೆಡ್ಡೆಗೆಣಸು, ದಾಂಡೇಲಿಯ ಕಿರಾಣಿ ಅಂಗಡಿಯ ಅಕ್ಕಿ ಬೇಳೆ ಇವೆಲ್ಲ ಈಗ ಪಿಕಪ್ ಗಾಡಿಯ ಮೇಲೆಯೇ ಓಡಾಡುತ್ತವೆ. ಗಿರಣಿಯಲ್ಲಿ ಕಾಯಂ ಕೆಲಸ ಸಿಗದ ಹುಡುಗರಿಗೆ ಈ ಗಾಡಿಯೇ ಗಿರಣಿ. ಆ ಗಾಡಿಯ ಜೀವ ಒಂದು ಪೆಟ್ಟಿಗೆಯಲ್ಲಿದೆ. ಆ ಪೆಟ್ಟಿಗೆಯ ಕೀಲಿಕೈ ಮಾತ್ರ ಗಾಡಿ ಕೊಂಡವನ ಹತ್ತಿರ ಇಲ್ಲ. ಹಣ ಕೊಟ್ಟವನು ಒಬ್ಬ, ಒಡೆತನ ಇನ್ನೊಬ್ಬನದು. ಇದರ ಒಳಗುಟ್ಟನ್ನು ನಾವು ತಿಳಿಯದೆ ಹೋದರೆ ನಮ್ಮ ಅಜ್ಞಾನವೇ ಅವರ ಬಂಡವಾಳವಾಗುತ್ತದೆ.

ಪೆಟ್ಟಿಗೆಯೊಳಗೆ ಏನಿದೆ?

ಮಂತ್ರವೂ ಇಲ್ಲ, ಮಾಯೆಯೂ ಇಲ್ಲ. ಪುಸ್ತಕದಷ್ಟು ಅಗಲದ ಲೋಹದ ಡಬ್ಬಿ, ಒಳಗೆ ಒಂದು ಸಣ್ಣ ಗಣಕಯಂತ್ರ. ಇಂಜಿನಿನ ಚಕ್ರ ಎಲ್ಲಿಗೆ ತಿರುಗಿದೆ, ಗಾಳಿ ಎಷ್ಟು ಒಳಬಂತು, ನೀರಿನ ಬಿಸಿ ಎಷ್ಟು, ಡ್ರೈವರನು ಎಕ್ಸಲೇಟರನ್ನು ಎಷ್ಟು ತುಳಿದಿದ್ದಾನೆ ಎಂದು ಸೆನ್ಸರುಗಳು ಅದಕ್ಕೆ ವರದಿ ಕೊಡುತ್ತಿರುತ್ತವೆ. ಅದನ್ನೆಲ್ಲ ಲೆಕ್ಕ ಹಾಕಿ, ಯಾವ ಸಿಲಿಂಡರಿಗೆ ಯಾವ ಕ್ಷಣಕ್ಕೆ ಎಷ್ಟು ಡೀಸೆಲ್ ಚಿಮ್ಮಿಸಬೇಕೆಂದು ಅದು ಇಂಜೆಕ್ಟರುಗಳಿಗೆ ಆಜ್ಞೆ ಕೊಡುತ್ತದೆ. ಇಂದಿನ ಡೀಸೆಲ್ ಇಂಜಿನಿನ ಕೊಳವೆಯಲ್ಲಿ ಎಣ್ಣೆಯ ಒತ್ತಡ 1600 ಬಾರ್‌ಗೂ ಮೇಲೆ ಏರುತ್ತದೆ; ಎಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸಾವಿರದ ಆರುನೂರು ಪಟ್ಟು. ನಾಲ್ಕು ಸಿಲಿಂಡರಿನ ಇಂಜಿನು ನಿಮಿಷಕ್ಕೆ 2400 ಸುತ್ತು ಸುತ್ತುತ್ತಿದ್ದರೆ ಸೆಕೆಂಡಿಗೆ 80 ಸಲ ದಹನವಾಗಬೇಕು. ಇಷ್ಟು ಚುರುಕಿನ ಕೆಲಸ ಹಳೆಯ ಕಾಲದ ಪಂಪಿನಿಂದ ಆಗದು. ಹೊಗೆ ಕಡಿಮೆಯಾಗಬೇಕು, ಎಣ್ಣೆ ಉಳಿಯಬೇಕು ಎಂದರೆ ಈ ಪೆಟ್ಟಿಗೆ ಬೇಕೇ ಬೇಕು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿ.ಎಸ್. 6 ನಿಯಮ ಬಂದ ಮೇಲಂತೂ ಇದರ ಹೊಣೆ ಇನ್ನೂ ಹೆಚ್ಚಿತು.

ಆದುದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಗಳ ಯಂತ್ರದ ಮೇಲಲ್ಲ. ಯಂತ್ರ ಬಂತೆಂದು ಕೈಮಗ್ಗ ಹಿಡಿದು ಅಳುತ್ತ ಕೂಡುವವರು ನಾವಲ್ಲ. ಯಂತ್ರ ಬರಲಿ, ಇನ್ನೂ ಜಾಣ ಯಂತ್ರ ಬರಲಿ. ಆದರೆ ಕೊಂಡ ಯಂತ್ರದ ಮೇಲೆ ಕೊಂಡವನ ಅಧಿಕಾರ ನಡೆಯಬೇಕು. ಕೇಳುವುದು ಇಷ್ಟೇ.

ಪೆಟ್ಟಿಗೆ ಬದಲಿಸುವುದೆಂದರೆ ಏನು?

ಹೊಸ ಪೆಟ್ಟಿಗೆಯನ್ನು ಗಾಡಿಗೆ ಹೊಂದಿಸುವ ಕೆಲಸದ ಹಂತಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಎಲ್ಲ ಕಂಪನಿಗಳ ಕ್ರಮವೂ ಒಂದೇ ಅಲ್ಲ. ಆದರೆ ಹೆಚ್ಚುಕಡಿಮೆ ಹೀಗಿರುತ್ತದೆ.

ಮೊದಲನೆಯದು, ನಂಬರು ತಾಳೆ ನೋಡುವುದು. ಹೊರಗಿನಿಂದ ಒಂದೇ ತೆರನಾಗಿ ಕಂಡರೂ ಪೆಟ್ಟಿಗೆಯ ಮೇಲಿನ ಹಾರ್ಡ್‌ವೇರ್ ನಂಬರು ಬೇರೆಯಾದರೆ ಅದು ನಡೆಯದು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದ ಮೇಲೆಯೇ ಕನೆಕ್ಟರಿಗೆ ಕೈ ಹಾಕಬೇಕು.

ಎರಡನೆಯದು, ಪೆಟ್ಟಿಗೆಗೆ ಪಾಠ ಹೇಳುವುದು. ಆ ಮಾದರಿಯ ಇಂಜಿನಿಗೆ ತಕ್ಕ ಸಾಫ್ಟ್‌ವೇರನ್ನು ಅದರೊಳಗೆ ಬರೆಯಬೇಕು. ಬರೆಯುವ ಹೊತ್ತಿಗೆ ಬ್ಯಾಟರಿಗೆ ಚಾರ್ಜರು ಹಚ್ಚಿ ವೋಲ್ಟೇಜು ಇಳಿಯದಂತೆ ಕಾಯಬೇಕು. ನಡುವೆ ಕರೆಂಟು ತಪ್ಪಿದರೆ ಹೊಸ ಪೆಟ್ಟಿಗೆ ಹುಟ್ಟುವ ಮೊದಲೇ ಸತ್ತೀತು.

ಮೂರನೆಯದು, ಗಾಡಿಯ 17 ಅಕ್ಷರದ ಚಾಸಿ ನಂಬರನ್ನು ಅದರೊಳಗೆ ದಾಖಲು ಮಾಡುವುದು, ಗಾಡಿಯಲ್ಲಿ ಎ.ಸಿ. ಇದೆಯೇ, ವೇಗಮಿತಿ ಇದೆಯೇ ಎಂಬ ವಿವರಗಳನ್ನು ತಿಳಿಸುವುದು.

ನಾಲ್ಕನೆಯದು, ಇಂಜೆಕ್ಟರಿನ ಸಂಕೇತ. ಒಂದೇ ಕಾರಖಾನೆಯಲ್ಲಿ ಮಾಡಿದ ನಾಲ್ಕು ಇಂಜೆಕ್ಟರುಗಳೂ ಕೂದಲೆಳೆಯಷ್ಟು ಬೇರೆಯಾಗಿರುತ್ತವೆ. ಎಷ್ಟು ಬೇರೆ ಎಂಬುದನ್ನು ಕಾರಖಾನೆಯಲ್ಲಿ ಅಳೆದು ಪ್ರತಿಯೊಂದರ ತಲೆಯ ಮೇಲೆ ಅಕ್ಷರ ಅಂಕಿಗಳಲ್ಲಿ ಕೆತ್ತಿರುತ್ತಾರೆ. ಯಾವ ಸಿಲಿಂಡರಿನಲ್ಲಿ ಯಾವುದು ಇದೆಯೆಂದು ಪೆಟ್ಟಿಗೆಗೆ ಹೇಳದಿದ್ದರೆ ಇಂಜಿನು ಕುಟ್ಟುತ್ತದೆ, ಹೊಗೆ ಉಗುಳುತ್ತದೆ.

ಐದನೆಯದು, ಹಳೆಯ ಪೆಟ್ಟಿಗೆ ಓಡಾಟದಲ್ಲಿ ಕಲಿತ ಅನುಭವವನ್ನು ಹೊಸದಕ್ಕೆ ಒಪ್ಪಿಸುವುದು. ಹೊಗೆಯ ಮಸಿ ಸೋಸುವ ಜರಡಿ ಇರುವ ಗಾಡಿಯಲ್ಲಿ, ಜರಡಿ ಎಷ್ಟು ತುಂಬಿದೆ ಎಂಬ ಲೆಕ್ಕ ಹಳೆಯ ಪೆಟ್ಟಿಗೆಯಲ್ಲಿರುತ್ತದೆ. ತುಂಬಿದ ಜರಡಿಯನ್ನು ಹೊಸ ಪೆಟ್ಟಿಗೆ ಖಾಲಿಯೆಂದು ನಂಬಿದರೆ ಮಸಿಯನ್ನು ಹೊತ್ತಿಗೆ ಸರಿಯಾಗಿ ಸುಡದೆ ಜರಡಿಯನ್ನೇ ಕೆಡಿಸೀತು.

ಆರನೆಯದೇ ಕೀಲಿ. ಗಾಡಿಯ ಕೀಲಿಕೈಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಚಿಪ್ಪು ಇರುತ್ತದೆ. ಕೀಲಿಕೈ ತಿರುವಿದಾಗ ಆ ಚಿಪ್ಪಿಗೂ ಗಾಡಿಗೂ ಗುಟ್ಟಿನ ಮಾತುಕತೆ ನಡೆದು, ಸಂಕೇತ ತಾಳೆಯಾದರೆ ಮಾತ್ರ ಪೆಟ್ಟಿಗೆ ಡೀಸೆಲ್ ಬಿಡುತ್ತದೆ. ಹೊಸ ಪೆಟ್ಟಿಗೆಗೆ ಈ ಕೀಲಿಕೈಯ ಪರಿಚಯ ಮಾಡಿಸಲು ಒಂದು ರಹಸ್ಯ ಸಂಖ್ಯೆ ಬೇಕು. ಗುಜರಿಯಿಂದ ಹಳೆಯ ಪೆಟ್ಟಿಗೆ ತಂದು ಹಾಕಿದರೂ ಇದೇ ತೊಡಕು: ಅದು ತನ್ನ ಹಳೆಯ ಗಾಡಿಯ ಕೀಲಿಕೈಯನ್ನೇ ನೆನೆಯುತ್ತ ಕೂಡುತ್ತದೆ.

ಕಡೆಗೆ ದೋಷದ ದಾಖಲೆಗಳನ್ನು ಅಳಿಸಿ, ರಸ್ತೆಯಲ್ಲಿ ಓಡಿಸಿ, ಮತ್ತೆ ದೋಷ ಬಂತೇ ಎಂದು ನೋಡುವುದು.

ಈಗ ಹೇಳಿ, ಇದರಲ್ಲಿ ನಮ್ಮ ಮಿಸ್ತ್ರಿಗೆ ಕಲಿಯಲಾರದ್ದು ಯಾವುದಿದೆ? ಒಂದೂ ಇಲ್ಲ. ಸಿಗದಿರುವುದು ಎರಡೇ: ಸಾಫ್ಟ್‌ವೇರು ಮತ್ತು ರಹಸ್ಯ ಸಂಖ್ಯೆ. ಆ ಎರಡನ್ನೂ ಬಚ್ಚಿಟ್ಟರೆ ಉಳಿದ ಬುದ್ಧಿಯೆಲ್ಲ ವ್ಯರ್ಥ.

ಓದಲು ಬಿಡುತ್ತಾರೆ, ಬರೆಯಲು ಬಿಡರು

ಗಾಡಿಯ ಸ್ಟೇರಿಂಗಿನ ಕೆಳಗೆ 16 ಪಿನ್ನಿನ ಒಂದು ಸಾಕೆಟ್ಟು ಇರುತ್ತದೆ. ಯಾವ ಸ್ಕ್ಯಾನರನ್ನಾದರೂ ಅಲ್ಲಿ ಚುಚ್ಚಿ ಹೊಗೆಗೆ ಸಂಬಂಧಿಸಿದ ಸಾಮಾನ್ಯ ದೋಷಗಳನ್ನು ಓದಬಹುದು. ಇದನ್ನು ತೋರಿಸಿ "ನೋಡಿ, ನಾವೇನೂ ಮುಚ್ಚಿಟ್ಟಿಲ್ಲ" ಎನ್ನುತ್ತಾರೆ. ನಾನು ಶಾಲೆಯಲ್ಲಿ ಅಕ್ಷರ ಕಲಿಸಿದವನು. ಮಕ್ಕಳಿಗೆ ಓದಲು ಕಲಿಸಿ, ಪಾಟಿ ಬಳಪವನ್ನು ಮಾತ್ರ ಕಪಾಟಿನಲ್ಲಿಟ್ಟು ಕೀಲಿ ಹಾಕುವ ಮಾಸ್ತರನನ್ನು ನೀವು ಏನೆನ್ನುತ್ತೀರಿ? ರೋಗದ ಹೆಸರು ತಿಳಿಯಲು ಅಪ್ಪಣೆ ಉಂಟು, ಮದ್ದು ಕೊಡಲು ಅಪ್ಪಣೆ ಇಲ್ಲ. ಓದುವುದಕ್ಕೆ ಬಿಟ್ಟು ಬರೆಯುವುದಕ್ಕೆ ಬಿಡದಿರುವುದು ಅರ್ಧ ಹಕ್ಕು, ಅರ್ಧ ಮೋಸ.

ಗಿರಣಿಯ ಫಿಟ್ಟರುಗಳಿಗೆ ಈ ಮಾತು ಬೇಗ ತಿಳಿದೀತು. ದಾಂಡೇಲಿಯ ಕಾಗದದ ಗಿರಣಿ 1955ರಲ್ಲಿ ಸ್ಥಾಪನೆಯಾಯಿತು. ಅಂಥ ಗಿರಣಿಗೆ ಯಂತ್ರ ಬಂದರೆ ಅದರೊಡನೆ ನಕ್ಷೆ ಬರಬೇಕು, ಕೈಪಿಡಿ ಬರಬೇಕು. ಇಲ್ಲವಾದರೆ ಯಾವ ಗಿರಣಿ ಮಾಲೀಕನೂ ಯಂತ್ರ ಇಳಿಸಿಕೊಳ್ಳುವುದಿಲ್ಲ. ಬೇರಿಂಗು ಹೋದರೆ ಯಂತ್ರ ಮಾಡಿದ ಊರಿನವರು ಬರುವ ತನಕ ಗಿರಣಿ ನಿಲ್ಲಿಸಿ ಕೂಡುತ್ತಾನೆಯೇ? ದೊಡ್ಡವನಿಗೆ ಕರಾರಿನಲ್ಲಿ ಬರೆಸಿಕೊಳ್ಳುವ ಬಲವಿದೆ. ಪಿಕಪ್ಪಿನ ಮಾಲೀಕನಿಗೆ ಆ ಬಲವಿಲ್ಲ. ಅವನು ಶೋರೂಮಿನಲ್ಲಿ ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಗಾಡಿಗೆ ಹೂಮಾಲೆ ಹಾಕಿ, ಲಿಂಬೆಹಣ್ಣಿನ ಮೇಲೆ ಹತ್ತಿಸಿ ಮನೆಗೆ ತರುತ್ತಾನೆ. ಬಲವಿಲ್ಲದವನ ಪರವಾಗಿ ಕರಾರು ಬರೆಯಬೇಕಾದ್ದು ಸರಕಾರ. ಅದು ಮಾಡಿದ್ದೇನು? 2015ರಿಂದ ಮುದ್ರಾ ಯೋಜನೆಯ ಹೆಸರಿನಲ್ಲಿ ಸಾಲ ಕೊಟ್ಟು "ಸ್ವಾವಲಂಬಿಯಾಗು ತಮ್ಮಾ" ಎಂದಿತು. ಸಾಲದ ಗಾಡಿ ಕೆಟ್ಟರೆ ಸ್ವಂತ ಊರಿನಲ್ಲಿ ಸರಿಮಾಡಿಸಿಕೊಳ್ಳುವ ಹಕ್ಕನ್ನು ಮಾತ್ರ ಕೊಡಲು ಮರೆಯಿತು. ಪರರ ಅಪ್ಪಣೆಯ ಮೇಲೆ ನಿಂತ ಸ್ವಾವಲಂಬನೆ ಎಂಥ ಸ್ವಾವಲಂಬನೆ?

ಅವರ ನಾಲ್ಕು ವಾದಗಳು

ಕಂಪನಿಯ ಪರವಾಗಿ ಮಾತಾಡುವವರು ನಮ್ಮೂರಲ್ಲೂ ಇದ್ದಾರೆ. ಅವರ ಮಾತನ್ನು ಕೇಳಿಯೇ ಉತ್ತರ ಕೊಡೋಣ.

"ಗುಟ್ಟು ಬಿಟ್ಟುಕೊಟ್ಟರೆ ಕಳ್ಳರಿಗೆ ಅನುಕೂಲ" ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಕೀಲಿಯ ಸಂಕೇತವನ್ನು ಬೀದಿಯಲ್ಲಿ ಹಂಚಿರೆಂದು ನಾವು ಹೇಳುತ್ತಿಲ್ಲ. ಅಮೆರಿಕದಲ್ಲಿ, ಯೂರೋಪಿನಲ್ಲಿ ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ. ಹೊರಗಿನ ಮಿಸ್ತ್ರಿಯ ಹಿನ್ನೆಲೆ ವಿಚಾರಿಸಿ, ಹೆಸರು ನೋಂದಾಯಿಸಿ, ಯಾವ ಗಾಡಿಗೆ ಯಾವಾಗ ಸಂಕೇತ ಪಡೆದನೆಂಬುದನ್ನು ದಾಖಲೆಯಲ್ಲಿಟ್ಟು ಸಂಕೇತ ಕೊಡುವ ಏರ್ಪಾಡು ಅಲ್ಲಿದೆ. ಬಂದೂಕಿಗೆ ಲೈಸೆನ್ಸು ಕೊಡುವ ಸರಕಾರಕ್ಕೆ ಮಿಸ್ತ್ರಿಗೆ ಲೈಸೆನ್ಸು ಕೊಡಲು ಬಾರದೆ? ಅಷ್ಟಕ್ಕೂ ಆರ್.ಸಿ. ಪುಸ್ತಕ ಕೈಯಲ್ಲಿ ಹಿಡಿದು ನಿಂತ ಮಾಲೀಕನೇ ಕಳ್ಳನೋ?

"ಹೊರಗಿನವರು ಕೈ ಹಾಕಿದರೆ ಹೊಗೆ ಹೆಚ್ಚುತ್ತದೆ, ವಾಯು ಕೆಡುತ್ತದೆ" ಎನ್ನುತ್ತಾರೆ. 2015ರ ಸೆಪ್ಟೆಂಬರಿನಲ್ಲಿ ಜಗತ್ತಿಗೆ ತಿಳಿದದ್ದು ಏನು? ಜರ್ಮನಿಯ ಫೋಕ್ಸ್‌ವ್ಯಾಗನ್ ಎಂಬ ಭಾರಿ ಕಂಪನಿ ತನ್ನ ಡೀಸೆಲ್ ಕಾರುಗಳ ಇದೇ ಪೆಟ್ಟಿಗೆಯೊಳಗೆ ಮೋಸದ ಸಾಫ್ಟ್‌ವೇರು ತುಂಬಿತ್ತು. ಪರೀಕ್ಷೆಯ ಹೊತ್ತಿಗೆ ಕಾರು ಸಾಧುವಿನಂತೆ ಉಸಿರಾಡುವುದು, ರಸ್ತೆಗಿಳಿದ ಕೂಡಲೆ ವಿಷ ಉಗುಳುವುದು. ಅಂಥ ಕಾರುಗಳು ಜಗತ್ತಿನಲ್ಲಿ ಸುಮಾರು 1 ಕೋಟಿ 10 ಲಕ್ಷ ಎಂದು ಕಂಪನಿಯೇ ಒಪ್ಪಿಕೊಂಡಿತು. ಅದನ್ನು ಹಿಡಿದವರು ಯಾರು? ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕಾರಿನ ಹಿಂಬದಿಗೆ ಅಳತೆಯ ಯಂತ್ರ ಕಟ್ಟಿಕೊಂಡು ರಸ್ತೆಯಲ್ಲಿ ಓಡಿಸಿ ನೋಡಿದ್ದರಿಂದ ಗುಟ್ಟು ಒಡೆಯಿತು. ವಾಯುವನ್ನು ಕೆಡಿಸಿದ್ದು ಮುಚ್ಚಿದ ಪೆಟ್ಟಿಗೆ. ಬಯಲು ಮಾಡಿದ್ದು ಹೊರಗಿನವರ ಕಣ್ಣು. ಇನ್ನು ನಮ್ಮ ಮಿಸ್ತ್ರಿಯನ್ನು ಸಂಶಯದಿಂದ ನೋಡುವ ಮೊದಲು ಈ ಕತೆಯನ್ನು ನೆನೆಯಲಿ.

"ಹಳ್ಳಿಯ ಮಿಸ್ತ್ರಿಗೆ ವಿದ್ಯೆ ಇಲ್ಲ, ಇಂಜಿನು ಕೆಡಿಸುತ್ತಾನೆ" ಎನ್ನುತ್ತಾರೆ. ವಿದ್ಯೆ ಕೊಟ್ಟಿರಾ? ಪುಸ್ತಕ ಕೊಟ್ಟಿರಾ? ಬಾವಿಗೆ ಮುಳ್ಳುಬೇಲಿ ಹಾಕಿ, ನೀರು ಕುಡಿಯದವನನ್ನು ಸೋಮಾರಿ ಎಂದಂತಾಯಿತು ಇದು. ಹಿಂದೆ ಡೀಸೆಲ್ ಪಂಪನ್ನು ಹೊಂದಿಸುವುದೂ ಎಲ್ಲರಿಗೂ ಬರುವ ಕೆಲಸವಾಗಿರಲಿಲ್ಲ. ಅದಕ್ಕೆ ಪ್ರತ್ಯೇಕ ಯಂತ್ರ ಬೇಕಿತ್ತು, ಅಳತೆಯ ಪಟ್ಟಿ ಬೇಕಿತ್ತು. ಆದರೆ ಯಂತ್ರ ಕೊಳ್ಳಲು, ಕೆಲಸ ಕಲಿಯಲು ಯಾರ ತಡೆಯೂ ಇರಲಿಲ್ಲ. ಕಲಿತವರು ಅಂಗಡಿ ತೆರೆದರು, ನಮ್ಮ ಲಾರಿಗಳು ಓಡಿದವು. ಹಳಿಯಾಳದಲ್ಲಿ ಇಂಜಿನಿಯರಿಂಗ್ ಕಾಲೇಜು ಇದೆ, ಜಿಲ್ಲೆಯಲ್ಲಿ ಐ.ಟಿ.ಐ.ಗಳಿವೆ. ಕಲಿಸುವ ಮನಸ್ಸಿದ್ದರೆ ಕಲಿಯುವ ಹುಡುಗರಿಗೆ ಬರವಿಲ್ಲ.

"ಸಾಫ್ಟ್‌ವೇರು ನಮ್ಮ ಬುದ್ಧಿಯ ಸ್ವತ್ತು" ಎನ್ನುತ್ತಾರೆ. ಆಗಲಿ. ಅದರ ಬೆಲೆ ಗಾಡಿಯ ಬೆಲೆಯಲ್ಲಿ ಸೇರಿಲ್ಲವೇ? ಗಾಡಿಯ ಸಾಫ್ಟ್‌ವೇರನ್ನು ಕದ್ದು ಬೇರೆ ಗಾಡಿ ಮಾಡಲು ಹೊರಟವರಲ್ಲ ನಾವು. ಸತ್ತ ಪೆಟ್ಟಿಗೆಯಲ್ಲಿ ಇದ್ದುದನ್ನೇ, ಹಣ ಕೊಟ್ಟು ಒಮ್ಮೆ ಕೊಂಡುದನ್ನೇ, ಹೊಸ ಪೆಟ್ಟಿಗೆಗೆ ಬರೆಯಿರಿ ಎಂದು ಕೇಳುತ್ತಿದ್ದೇವೆ. ಬೇಕಾದರೆ ನ್ಯಾಯವಾದ ಶುಲ್ಕ ತೆಗೆದುಕೊಳ್ಳಲಿ.

ಕಾನೂನು ಎಲ್ಲಿಗೆ ಬಂತು?

ನಮ್ಮ ದೇಶದಲ್ಲಿ ಈ ಅನ್ಯಾಯವನ್ನು ಅಧಿಕೃತವಾಗಿ ಅನ್ಯಾಯವೆಂದು ಹೇಳಿ ಹತ್ತು ವರುಷಗಳ ಮೇಲಾಯಿತು. 2014ರ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗ 14 ಮೋಟಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಕಂಡುಹಿಡಿಯುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು. ಇನ್ನು ಮುಂದೆ ಅವು ಸಿಗಬೇಕು. ಹೊರಗಿನ ಮಿಸ್ತ್ರಿಯಿಂದ ಕೆಲಸ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದೆಂದು ಸಾರಾಸಗಟು ಷರತ್ತು ಹಾಕಕೂಡದು ಎಂದು ಆಯೋಗ ಹೇಳಿತು. ಕಂಪನಿಗಳು ಸುಮ್ಮನೆ ಕೂತವೇ? ಮೇಲ್ಮನವಿ, ರಿಟ್ ಅರ್ಜಿ ಎಂದು ನ್ಯಾಯಾಲಯಗಳ ಮೆಟ್ಟಿಲು ಹತ್ತಿದವು. ಮೂರು ಕಂಪನಿಗಳ ಮೇಲ್ಮನವಿಯಲ್ಲಿ 2016ರಲ್ಲಿ ನ್ಯಾಯಮಂಡಳಿ ತಪ್ಪನ್ನು ಎತ್ತಿಹಿಡಿದು, ದಂಡವನ್ನು ಮಾತ್ರ ಇಳಿಸಿತು. ಆಯೋಗದ ಆಜ್ಞೆಯ ಕಾಗದ ದಿಲ್ಲಿಯಲ್ಲಿದೆ. ಜೋಯಿಡಾದ ರಸ್ತೆಯಲ್ಲಿ ನಿಂತ ಗಾಡಿಗೆ ಅದರ ಸುದ್ದಿ ಇನ್ನೂ ಮುಟ್ಟಿಲ್ಲ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಮೋಟಾರು ವಾಹನ, ಒಕ್ಕಲುತನದ ಯಂತ್ರ, ಮೊಬೈಲು, ಮನೆಬಳಕೆಯ ಯಂತ್ರ ಈ ನಾಲ್ಕು ವಲಯಗಳನ್ನು ಆರಿಸಿತು. ಅದೇ ವರುಷ ಡಿಸೆಂಬರ್ 24ರಂದು ಒಂದು ಪೋರ್ಟಲನ್ನೂ ತೆರೆಯಿತು. ಒಳ್ಳೆಯದು. ಆದರೆ ಪೋರ್ಟಲ್ ಬೇರೆ, ಕಾನೂನು ಬೇರೆ. ಕಂಪನಿಗಳು ತಾವಾಗಿ ಇಷ್ಟಪಟ್ಟು ಹಾಕಿದ ವಿವರವನ್ನು ತೋರಿಸುವುದು ಪೋರ್ಟಲ್ಲು. ಇಷ್ಟಪಡದವನಿಂದಲೂ ಕೊಡಿಸುವುದು ಕಾನೂನು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಮತ ಹಾಕಿ ಮೋಟಾರು ದುರಸ್ತಿಯ ಹಕ್ಕನ್ನು ಕಾನೂನು ಮಾಡಿಸಿಕೊಂಡರು. 2020ರಲ್ಲಿ ಮತ್ತೆ ಮತ ಹಾಕಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಯೂರೋಪಿನಲ್ಲಿ ಹೊರಗಿನ ಗ್ಯಾರೇಜುಗಳಿಗೂ ದುರಸ್ತಿಯ ಮಾಹಿತಿ ಕೊಡಬೇಕೆಂಬ ನಿಯಮ 2007ರಲ್ಲೇ ಆಯಿತು. ಬಂಡವಾಳಶಾಹಿಯ ತವರುಮನೆಗಳಲ್ಲಿ ಕೊಡುವುದನ್ನು ನಮಗೆ ಮಾತ್ರ ಕೊಡಲಾಗದು ಎನ್ನುವುದು ಯಾವ ಸೀಮೆಯ ನ್ಯಾಯ?

ಇಷ್ಟರ ನಡುವೆಯೂ ಒಂದು ಆಯುಧ ನಮ್ಮ ಕೈಯಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ವಸ್ತು ಕೊಂಡವನೂ ಗ್ರಾಹಕನೇ. ಪಿಕಪ್ಪನ್ನು ತಾನೇ ಓಡಿಸಿ ಬದುಕುವವನಿಗೆ "ನಿನ್ನದು ವ್ಯಾಪಾರ, ನೀನು ಗ್ರಾಹಕನಲ್ಲ" ಎಂದು ಯಾರಾದರೂ ಹೇಳಿದರೆ ಬಾಯಿ ಮುಚ್ಚಿಕೊಂಡು ಬರಬೇಡಿ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ಆಯೋಗ ಕಾರವಾರದಲ್ಲಿದ್ದರೂ ದೂರನ್ನು ಅಂತರಜಾಲದ ಮೂಲಕ ಸಲ್ಲಿಸಬಹುದು.

ನಮ್ಮ ಮನೆಯ ಕಸ

ಎದುರಿಗಿನವನಿಗೆ ಬೊಟ್ಟು ಮಾಡುವಾಗ ಮೂರು ಬೆರಳು ನಮ್ಮ ಕಡೆಗಿರುತ್ತವೆ. ಆದುದರಿಂದ ಗ್ಯಾರೇಜಿನ ಗೆಳೆಯರಿಗೂ ಎರಡು ಮಾತು.

ಗಾಡಿ ಹತ್ತಲಿಲ್ಲ ಎಂದ ಕೂಡಲೆ "ಇ.ಸಿ.ಎಂ. ಹೋಗೈತಿ" ಎಂದು ತೀರ್ಪು ಕೊಡಬೇಡಿ. ಎಷ್ಟೋ ಸಲ ಸತ್ತದ್ದು ಪೆಟ್ಟಿಗೆಯಲ್ಲ, ಅರ್ಥಿಂಗಿನ ತಂತಿ. ಬ್ಯಾಟರಿಯಲ್ಲಿ 12.6 ವೋಲ್ಟ್ ಇದೆಯೇ? ಮುಖ್ಯ ರಿಲೇ ಎಳೆಯುತ್ತಿದೆಯೇ? ಸೆನ್ಸರುಗಳಿಗೆ ಹೋಗುವ 5 ವೋಲ್ಟಿನ ತಂತಿಯನ್ನು ಕೆಟ್ಟ ಸೆನ್ಸರೊಂದು ನೆಲಕ್ಕೆ ಎಳೆದಿದೆಯೇ? ಒಂದೊಂದಾಗಿ ಸೆನ್ಸರಿನ ಕನೆಕ್ಟರು ಬಿಚ್ಚಿ ನೋಡಿದರೆ ತಿಳಿಯುತ್ತದೆ. ನಮ್ಮ ಕಾಡುಮಳೆಯ ಸೀಮೆಯಲ್ಲಿ ತೇವವೇ ಮೊದಲ ಶತ್ರು. ಇಲಿ ತಂತಿ ಕಡಿಯುವುದು ಎರಡನೆಯದು. ಬಾಡಿಗೆ ವೆಲ್ಡಿಂಗು ಮಾಡುವಾಗ ಪೆಟ್ಟಿಗೆಯ ಕನೆಕ್ಟರು ಬಿಚ್ಚದೆ ಸುಟ್ಟವರೂ ಇದ್ದಾರೆ. ಒಳ್ಳೆಯ ಪೆಟ್ಟಿಗೆಯನ್ನು ಕೆಟ್ಟದ್ದೆಂದು ಬದಲಿಸಿ ಬಡವನ ಹಣ ಕಳೆದರೆ ಕಂಪನಿಗೂ ನಿಮಗೂ ಅಂತರವೇನು?

ಎರಡನೆಯದು, ಕಳ್ಳ ದಾರಿ. ಕೀಲಿ ತಪ್ಪಿಸಿ ಕೊಡುತ್ತೇವೆ, ಹೊಗೆಯ ಜರಡಿ ಕಿತ್ತುಹಾಕಿ ಪೆಟ್ಟಿಗೆಗೆ ಸುಳ್ಳು ಹೇಳಿಸುತ್ತೇವೆ ಎನ್ನುವ ಜಾಣರು ಲ್ಯಾಪ್‌ಟಾಪು ಹಿಡಿದು ತಿರುಗುತ್ತಿದ್ದಾರೆ. ಸತ್ತ ಪೆಟ್ಟಿಗೆಯ ಮಾಹಿತಿಯನ್ನು ಅದೇ ನಂಬರಿನ ಇನ್ನೊಂದಕ್ಕೆ ಮಾಲೀಕನ ದಾಖಲೆ ನೋಡಿ ನಕಲು ಮಾಡುವುದು ಒಂದು ಮಾತು. ಕದ್ದ ಗಾಡಿಗೆ ಹೊಸ ಜನ್ಮ ಕೊಡುವುದು, ಊರ ಮಕ್ಕಳ ಪುಪ್ಪುಸಕ್ಕೆ ಮಸಿ ತುಂಬುವುದು ಬೇರೆ ಮಾತು. ಅಂಥ ಕೆಲಸ ಮಾಡಿದ ದಿನ ಕಂಪನಿಯ ವಾದಕ್ಕೆ ನಾವೇ ಸಾಕ್ಷಿ ಹೇಳಿದಂತಾಗುತ್ತದೆ. ಹಕ್ಕು ಕೇಳುವವನ ಕೈ ಶುದ್ಧವಾಗಿರಬೇಕು.

ನಮ್ಮ ಬೇಡಿಕೆ, ನಮ್ಮ ಕೆಲಸ

ಬೇಡಿಕೆಗಳು ಐದು. ಒಂದು, ನೋಂದಾಯಿತ ಯಾವ ಗ್ಯಾರೇಜಿಗಾದರೂ ಪೆಟ್ಟಿಗೆಗೆ ಬರೆಯುವ ಸಾಫ್ಟ್‌ವೇರನ್ನು ನ್ಯಾಯವಾದ ದರದಲ್ಲಿ ಕೊಡಲೇಬೇಕೆಂಬ ಕಾನೂನು. ಎರಡು, ಗಾಡಿ ಕೊಂಡ ದಿನವೇ ಕೀಲಿಯ ರಹಸ್ಯ ಸಂಖ್ಯೆಯನ್ನು ಮುಚ್ಚಿದ ಲಕೋಟೆಯಲ್ಲಿ ಮಾಲೀಕನಿಗೆ ಕೊಡುವುದು. ಮೂರು, ತಂತಿಗಳ ನಕ್ಷೆ ಮತ್ತು ದುರಸ್ತಿಯ ಕೈಪಿಡಿ ಕನ್ನಡದಲ್ಲಿ. ನಾಲ್ಕು, ಹೊರಗೆ ಕೊಂಡ ಅಸಲಿ ಭಾಗಕ್ಕೆ ಕೆಲಸ ನಿರಾಕರಿಸುವಂತಿಲ್ಲ, ಗೊತ್ತಾದ ಅವಧಿ ಮೀರಿ ಗಾಡಿ ನಿಲ್ಲಿಸಿಕೊಂಡರೆ ನಷ್ಟ ಭರ್ತಿ. ಐದು, ಐ.ಟಿ.ಐ.ಗಳಲ್ಲಿ ಹಾಲಿ ಮಿಸ್ತ್ರಿಗಳಿಗೆ ಈ ಕೆಲಸದ ರಾತ್ರಿ ತರಗತಿ.

ಕಾನೂನು ಬರುವ ತನಕ ಕೈ ಕಟ್ಟಿ ಕೂಡಬೇಕಿಲ್ಲ. ಒಬ್ಬ ಮಿಸ್ತ್ರಿಗೆ ಒಳ್ಳೆಯ ಸ್ಕ್ಯಾನರು ಕೊಳ್ಳುವುದು ಭಾರ. ನಾಲ್ಕು ತಾಲೂಕಿನ ಪಿಕಪ್ ಸ್ಟ್ಯಾಂಡುಗಳೂ ಗ್ಯಾರೇಜುಗಳೂ ಕೂಡಿ ಒಂದು ಸಹಕಾರಿ ಸಂಘ ಕಟ್ಟಿದರೆ ಭಾರವಲ್ಲ. ಇಂಜೆಕ್ಟರಿನ ಮೇಲಿನ ಸಂಕೇತ, ಪೆಟ್ಟಿಗೆಯ ನಂಬರು, ಚಾಸಿ ನಂಬರು ಇವುಗಳ ಫೋಟೋ ತೆಗೆದು ಪ್ರತಿಯೊಬ್ಬ ಮಾಲೀಕನೂ ಇಂದೇ ಮೊಬೈಲಿನಲ್ಲಿ ಇಟ್ಟುಕೊಳ್ಳಲಿ. ಸರ್ವಿಸ್ ಕೇಂದ್ರಕ್ಕೆ ಹೋದರೆ ಖರ್ಚಿನ ಅಂದಾಜನ್ನು ಬರಹದಲ್ಲಿ ಕೇಳಿ. ಬಿಚ್ಚಿದ ಹಳೆಯ ಪೆಟ್ಟಿಗೆಯನ್ನು ಮರಳಿ ಕೇಳಿ. "ಕೊಡುವುದಿಲ್ಲ" ಎಂದರೆ ಅದನ್ನೂ ಬರಹದಲ್ಲಿ ಕೊಡಿರೆನ್ನಿ. ಪ್ರತಿಯೊಂದು ಸ್ಟ್ಯಾಂಡಿನಲ್ಲಿ ಒಂದು ವಹಿ ಇಡಿ. ಕೆ.ಎ. 65 ಇರಲಿ, ಕೆ.ಎ. 31 ಇರಲಿ, ಗಾಡಿಯ ನಂಬರು, ಕೆಟ್ಟ ದಿನ, ದೋಷದ ಸಂಖ್ಯೆ, ಕೇಳಿದ ಹಣ, ನಿಂತ ದಿನಗಳು ಎಲ್ಲವನ್ನೂ ಬರೆಯಿರಿ. ಗೋಳು ಗಾಳಿಗೆ ಹಾರಿಹೋಗುತ್ತದೆ. ವಹಿಯಲ್ಲಿ ಬರೆದ ಲೆಕ್ಕ ಆಯೋಗದ ಮೇಜಿನ ಮೇಲೆ ನಿಲ್ಲುತ್ತದೆ. ಗಿರಣಿಯ ಕೂಲಿಕಾರರು ಹಾಜರಿ ಪುಸ್ತಕ ಕೇಳಿ ಪಡೆದದ್ದರಿಂದಲೇ ಓವರ್‌ಟೈಮಿನ ಹಣ ಕೇಳುವ ಬಾಯಿ ಬಂತು ಎಂಬುದನ್ನು ಹಳಬರನ್ನು ಕೇಳಿದರೆ ಹೇಳುತ್ತಾರೆ.

"ನನ್ನ ಹತ್ತಿರ ಗಾಡಿ ಇಲ್ಲ, ನನಗೇನು?" ಎಂದು ಗಿರಣಿಯ ಗೆಳೆಯನೊಬ್ಬ ಕೇಳಿದ. ತಮ್ಮಾ, ಇಂದು ಗಾಡಿಯ ಪೆಟ್ಟಿಗೆ, ನಾಳೆ ನಿನ್ನ ಹೊಲದ ಟ್ರ್ಯಾಕ್ಟರು, ನಾಡಿದ್ದು ನಿನ್ನ ಹಿಟ್ಟಿನ ಗಿರಣಿಯ ಮೋಟಾರು. ಗಾಡಿ ನಿಂತ ದಿನ ಸಂತೆಯಲ್ಲಿ ಕಾಯಿಪಲ್ಲೆಯ ದರ ಏರಿದರೆ ಅದನ್ನು ಕೊಡುವವಳು ನಿನ್ನ ಮನೆಯಾಕೆ. ದುರಸ್ತಿ ಮಾಡುವ ಕೈ ಊರಿನಿಂದ ಹೋದರೆ ಅದರ ಹಿಂದೆ ಕಲಿಯುವ ಹುಡುಗರೂ ಹೋಗುತ್ತಾರೆ.

ಆ ಹುಡುಗನ ಗಾಡಿ ಈಗ ಓಡುತ್ತಿದೆ. ಆ 11 ದಿನದ ಬಾಡಿಗೆ ಮರಳಿ ಬರಲಿಲ್ಲ. ಮೊನ್ನೆ ಸಿಕ್ಕಾಗ ಅವನು ಕೇಳಿದ: "ಮಾಸ್ತರ್ರ, ಸಾಲ ತೀರಿದ ಮ್ಯಾಲರ ಗಾಡಿ ನಂದು ಆಕ್ಕೈತೇನ್ರಿ?" ಬ್ಯಾಂಕಿನ ಲೆಕ್ಕದಲ್ಲಿ ಆಗುತ್ತದೆ ಎಂದೆ. ಪೆಟ್ಟಿಗೆಯ ಲೆಕ್ಕದಲ್ಲಿ ಆಗಬೇಕಾದರೆ ನಾವೆಲ್ಲ ಕೂಡಬೇಕು ಎಂದೆ. ಅವನು ತನ್ನ ಸ್ಟ್ಯಾಂಡಿನಲ್ಲಿ ವಹಿ ಇಟ್ಟಿದ್ದಾನೆ. ಮೊದಲ ಪುಟದಲ್ಲಿ ಬರೆದದ್ದು ಅವನದೇ ಗಾಡಿಯ ನಂಬರು. ಎರಡನೆಯ ಪುಟ ನಿಮ್ಮದು, ಬಂಧುಗಳೇ. ಬನ್ನಿ, ಬರೆಯಿರಿ.